ಕಾಯಿಲೆ, ಸಾವು, ಹದಿನೈದರ ವಯಸ್ಸು: ನಮ್ಮ ಕಡೆಯ ಮಕ್ಕಳಿಗೆ ಕಾದಂಬರಿ ಬರೆಯೋದು ಹೇಗೆ

ಎರಡು ವರ್ಷದ ಹಿಂದೆ ನಾನೊಂದು ಕಾದಂಬರಿ ಬರೆದು ಮುಗಿಸಿದೆ. ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ, ರೇಷ್ಮೆ ಸಾಕುವ ಮನೆ, ಹದಿನೈದು ವರ್ಷದ ಹುಡುಗಿ, ಅವಳ ತಮ್ಮನಿಗೆ ರಕ್ತದ ಕ್ಯಾನ್ಸರ್. ಕೊನೆಯಲ್ಲಿ ತಮ್ಮ ಸಾಯುತ್ತಾನೆ. ಸಾಯುವ ಮುಂಚೆ ಅಕ್ಕನಿಗೆ ಬದುಕಿನ ಬಗ್ಗೆ ಒಂದೂವರೆ ಪುಟ ಹೇಳುತ್ತಾನೆ. ಬರೆಯುತ್ತಾ ನಾನೇ ಅತ್ತೆ. ಪ್ರಿಂಟ್ ತೆಗೆಸಿ ನಮ್ಮ ಬೀದಿಯ ಒಂಬತ್ತನೇ ಕ್ಲಾಸಿನ ಹುಡುಗಿಗೆ ಕೊಟ್ಟೆ. ಎರಡೇ ದಿನಕ್ಕೆ ವಾಪಸ್ ತಂದಳು.

"ಆಂಟಿ, ಇವನಿಗೆ ಎಂಟು ವರ್ಷ ಅಲ್ವಾ? ಟಿವಿಲಿ ಪ್ರವಚನ ಹೇಳೋರ ಥರ ಮಾತಾಡ್ತಾನೆ. ಒಂದ್ಸಲನೂ ಕೋಪ ಬರಲ್ವಾ ಇವನಿಗೆ?"

ಮೈ ಉರಿದುಹೋಯಿತು. ಆಮೇಲೆ ಓದಿ ನೋಡಿದರೆ ಅವಳು ಹೇಳಿದ್ದೇ ಸರಿ. ಅವಳ ಮನೆಯಲ್ಲೇ ತಾತ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ, ಕಾಯಿಲೆಯವರು ಹೇಗಿರುತ್ತಾರೆ ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆ ಪ್ರತಿಯನ್ನು ಮೂಲೆಗೆ ಹಾಕಿ ಮೊದಲಿಂದ ಬರೆದೆ. ಆಗ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ಕನ್ನಡದಲ್ಲಿ ಇಂಥ ಕಥೆ ಬರೆಯಬೇಕು ಅಂತಿರುವವರಿಗೆ ಉಪಯೋಗ ಆಗಬಹುದು.

ಮೊದಲು ಕಾಯಿಲೆ ಆರಿಸಿಕೊಳ್ಳಿ, ಆಮೇಲೆ ಅದರ ಕ್ಯಾಲೆಂಡರ್ ಬರೆಯಿರಿ. ಪ್ರತಿ ಕಾಯಿಲೆಗೂ ಒಂದು ಕ್ಯಾಲೆಂಡರ್ ಇರುತ್ತದೆ. ಕಥೆಯ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ನಾನು ಮೊದಲ ಸಲ ಬರೀ "ರಕ್ತದ ಕ್ಯಾನ್ಸರ್" ಅಂತ ಬರೆದು ಕೈ ತೊಳೆದುಕೊಂಡಿದ್ದೆ. ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣಿಸುವ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ರಕ್ತದ ಕ್ಯಾನ್ಸರಿನ ಒಂದು ಬಗೆ. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ನಾಲ್ಕೈದು ವಾರ ಬಲು ಕಷ್ಟ. ಸ್ಟೀರಾಯ್ಡ್ ಕೊಡುತ್ತಾರೆ, ಮುಖ ಊದಿಕೊಳ್ಳುತ್ತದೆ, ಮಗುವಿಗೆ ಬಕಾಸುರನ ಹಸಿವು, ರಾತ್ರಿ ಹನ್ನೆರಡಕ್ಕೆ ಎದ್ದು ಚಿತ್ರಾನ್ನ ಬೇಕು ಅಂತ ಹಟ, ಕೊಟ್ಟರೆ ಖಾರ ಅಂತ ತಟ್ಟೆ ತಳ್ಳುವುದು. ನೋಡಿ, ಕೋಪ ಇಲ್ಲೇ ಇತ್ತು, ಔಷಧಿಯಲ್ಲೇ ಇತ್ತು, ನಾನು ಅವನನ್ನು ಸಾಧು ಮಾಡಲು ಹೋಗಿ ಅದನ್ನು ಬಿಟ್ಟಿದ್ದೆ. ಕೀಮೋ ಶುರುವಾಗಿ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ, ಮೊದಲ ದಿನವೇ ಅಲ್ಲ. ಬಿಳಿ ರಕ್ತಕಣ ಕಡಿಮೆ ಇರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ಆಗಲೇ ಆಸ್ಪತ್ರೆಗೆ ಹೊರಡಬೇಕು. ಈಗ ಯೋಚನೆ ಮಾಡಿ. ರಾತ್ರಿ ಎರಡು ಗಂಟೆ, ಹಳ್ಳಿ, ಬಸ್ಸಿಲ್ಲ. ಊರಲ್ಲಿ ಗಾಡಿ ಇರುವುದು ಟೊಮೆಟೊ ಸಾಗಿಸುವವನ ಹತ್ತಿರ ಮಾತ್ರ, ಅವನಿಗೂ ಅಪ್ಪನಿಗೂ ಬದುವಿನ ವಿಷಯಕ್ಕೆ ಮಾತಿಲ್ಲ. ಅವನ ಮನೆ ಬಾಗಿಲು ತಟ್ಟುವುದು ಯಾರು? ನನ್ನ ಎರಡನೇ ಪ್ರತಿಯ ಒಳ್ಳೆ ಅಧ್ಯಾಯ ಹುಟ್ಟಿದ್ದು ಥರ್ಮಾಮೀಟರ್‌ನಿಂದ.

ಇನ್ನೊಂದು ಮಾತು. ಸುಮ್ನೆ ಸಾಯಿಸಬೇಡಿ. ಈ ಕ್ಯಾನ್ಸರ್‌ನಲ್ಲಿ, ಒಳ್ಳೆ ಸೌಲಭ್ಯ ಇರುವ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಐದು ವರ್ಷ ದಾಟುತ್ತಾರೆ. ನಮ್ಮಲ್ಲಿ ಅಷ್ಟಾಗದಿರಲು ಇರುವ ಕಾರಣಗಳಲ್ಲಿ ಒಂದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು. ಮೊದಲ ತಿಂಗಳು ಮುಗಿದು ಮಗು ಗುಂಡುಗುಂಡಗೆ ಓಡಾಡುತ್ತಿರುವಾಗ "ಹುಷಾರಾದನಲ್ಲ, ಇನ್ಯಾಕೆ ಬೆಂಗಳೂರಿಗೆ" ಅಂತ ಯಾರೋ ಅನ್ನುತ್ತಾರೆ. ನಿಮ್ಮ ಕಥೆಯ ಅಪಾಯ ಆ ಮಾತಿನಲ್ಲಿದೆ. ಕ್ಯಾನ್ಸರ್ ಮಗು ಸಾಯಲೇಬೇಕು ಅಂತ ಓದಿಕೊಂಡು ಬೆಳೆದವರು ನಾವು, ಆದರೆ ಆಸ್ಪತ್ರೆ ಮಂಚದ ಮೇಲೆ ಕೂತು ನಿಮ್ಮ ಪುಸ್ತಕ ಓದುವ ಮಗುವೂ ಒಂದಿರಬಹುದು ಅಲ್ವಾ?

ಕ್ಯಾನ್ಸರೇ ಆಗಬೇಕು ಅಂತಲೂ ಇಲ್ಲ. ಥಲಸ್ಸೀಮಿಯಾ, ಅಂದರೆ ದೇಹ ಸಾಕಷ್ಟು ಒಳ್ಳೆ ರಕ್ತ ತಯಾರಿಸದ ಕಾಯಿಲೆ, ಇರುವ ಹುಡುಗನಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಸ್ಕೂಲಿನ ಕ್ರಿಕೆಟ್ ಟೀಮಿನಲ್ಲಿ ಅವನ ಆಟ ಆ ತಾರೀಖಿನ ಮೇಲೆ ಏರುತ್ತದೆ, ಇಳಿಯುತ್ತದೆ. ಟೈಪ್ 1 ಸಕ್ಕರೆ ಕಾಯಿಲೆ ಸಿಹಿ ತಿಂದು ಬರುವುದಲ್ಲ, ದೇಹ ಇನ್ಸುಲಿನ್ ತಯಾರಿಸುವುದನ್ನೇ ಬಿಟ್ಟಿರುತ್ತದೆ. ಆ ಹುಡುಗಿಗೆ ದಿನಾ ಇಂಜೆಕ್ಷನ್ ಬೇಕು, ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೈ ನಡುಗಿ ಬೆವರುತ್ತದೆ, ಪರೀಕ್ಷೆಯ ಮಧ್ಯೆ ಗ್ಲೂಕೋಸ್ ಬಾಯಿಗೆ ಹಾಕಿಕೊಳ್ಳಬೇಕು. ಮನೆಯವರು ಮಾತ್ರ "ಯಾರಿಗೂ ಹೇಳಬೇಡ, ನಾಳೆ ಮದುವೆ ಆಗಬೇಕು" ಅನ್ನುತ್ತಾರೆ.

ನನಗೆ ಬಲು ಇಷ್ಟವಾದದ್ದು, ಯಾರೂ ಬರೆಯದೆ ಬಿಟ್ಟಿದ್ದಾರೆ ಅನಿಸುವುದು, ನಮ್ಮ ಬಾಗೇಪಲ್ಲಿ ಕಡೆಯ, ಆಚೆ ತುಮಕೂರಿನ ಪಾವಗಡದ ಕಡೆಯ ಹಲ್ಲು. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ಎಷ್ಟೋ ಊರಲ್ಲಿ ಮೀರುತ್ತದೆ. ಹಲ್ಲು ಒಸಡಿನೊಳಗೆ ರೂಪ ಪಡೆಯುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ ಕುಡಿದ ನೀರು ಕಲೆಯಾಗಿ ಉಳಿಯುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹದಿನಾರಕ್ಕೆ ಬೆಂಗಳೂರಿನ ಕಾಲೇಜು ಸೇರಿ, ನಗುವಾಗೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುವ ಒಬ್ಬ ಹುಡುಗಿ. ಯಾರೂ ಸಾಯುವುದಿಲ್ಲ, ಆದರೂ ಅದು ಕಾಯಿಲೆಯ ಕಥೆಯೇ. ಬರೆಯುವವರು ಬರೆದುಕೊಳ್ಳಿ, ನನ್ನ ಕೈಯಲ್ಲಿ ಇನ್ನೂ ಆಗಿಲ್ಲ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಸ್ಕೂಲಿನಲ್ಲಿ ಕನ್ನಡ, ಡಾಕ್ಟರ ಬಾಯಲ್ಲಿ ಇಂಗ್ಲಿಷ್. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಜ್ಜಿಯ ಜೊತೆ ತಾತನ ಸ್ಕ್ಯಾನಿಂಗ್ ರಿಪೋರ್ಟ್ ತೋರಿಸಲು ಹೋಗಿದ್ದೆ. ಯಾವ ಆಸ್ಪತ್ರೆ ಅನ್ನುವುದು ಬೇಡ. ಡಾಕ್ಟರು ನನ್ನ ಮುಖ ನೋಡದೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳಿ ಮುಂದಿನ ಟೋಕನ್ ಕರೆದರು. ಅಜ್ಜಿ "ಏಮಂಟಾಡು?" ಅಂತ ಕೇಳಿದರು. ನನಗೆ ಎರಡು ಪದ ಚೆನ್ನಾಗಿ ಅರ್ಥವಾಗಿತ್ತು. ಹೊಟ್ಟೆಯಲ್ಲಿ ಊತ ಅಂತೆ, ಮಾತ್ರೆ ಕೊಟ್ಟಿದ್ದಾರೆ ಅಂದೆ. ವಾಪಸ್ ಬರುವಾಗ ಅಜ್ಜಿ ಬಸ್ಟಾಂಡಿನಲ್ಲಿ ನನಗೆ ಕಡಲೆಕಾಯಿ ಕೊಡಿಸಿದರು. ನಾಲ್ಕು ತಿಂಗಳು ಆ ಸುಳ್ಳು ನನ್ನ ಹತ್ತಿರವೇ ಇತ್ತು.

ನಮ್ಮ ಕಡೆ ಮಕ್ಕಳು ದೊಡ್ಡವರಾಗುವುದು ಹೀಗೆ. ದೊಡ್ಡವರಿಗಿಂತ ಮೊದಲು ಸುದ್ದಿ ಮಕ್ಕಳ ಕಿವಿಗೆ ಬೀಳುತ್ತದೆ, ಅದನ್ನು ಯಾವ ಭಾಷೆಯಲ್ಲಿ, ಎಷ್ಟು ಹೇಳಬೇಕು ಅನ್ನುವ ತೀರ್ಮಾನವೂ ಅವರ ತಲೆ ಮೇಲೆ. ನಿಮ್ಮ ಕಥೆಯಲ್ಲಿ ಇಂಥ ಜಾಗ ಹುಡುಕಿ. ಮನೆಯಲ್ಲಿ ಯಾರೂ ಕಾಯಿಲೆಯ ಹೆಸರು ಹೇಳುವುದಿಲ್ಲ, "ದೊಡ್ಡ ಕಾಯಿಲೆ" ಅನ್ನುತ್ತಾರೆ, ಇಲ್ಲದಿದ್ದರೆ "ಅದು" ಅನ್ನುತ್ತಾರೆ. ಹೆಸರು ಮೊದಲ ಸಲ ಯಾರ ಬಾಯಿಂದ ಬರುತ್ತದೆ ಅಂತ ತೀರ್ಮಾನ ಮಾಡಿಕೊಂಡು ಅಲ್ಲಿಯವರೆಗೆ ತಡೆಯಿರಿ. ಒಂದೆರಡು ತೆಲುಗು ಮಾತು ಹಾಗೇ ಬಿಡಿ, ಅರ್ಥ ಹೇಳುತ್ತಾ ಕೂರಬೇಡಿ.

ದುಡ್ಡನ್ನು ಬಿಡಬೇಡಿ. ಇಂಥ ಕಥೆಗಳಲ್ಲಿ ಕಣ್ಣೀರು ಇರುತ್ತದೆ, ಬಿಲ್ ಇರುವುದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ ಶೇಕಡ 30 ಮಾತ್ರ ಸರ್ಕಾರ ಕೊಡುತ್ತದೆ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಕಡೆಯಿಂದ ಹೋಗುವವರು ತುಂಬಾ ಜನ. ಆದರೆ ಯಾವ ಕಾರ್ಡೂ ಬಸ್ ಚಾರ್ಜ್ ಕೊಡುವುದಿಲ್ಲ, ಜೊತೆಗಿದ್ದವರ ಕೂಲಿ ಕೊಡುವುದಿಲ್ಲ. ಅದಕ್ಕೆ ಸಂಘದ ಸಾಲ, ಚೀಟಿ, ಕೊನೆಗೆ ಸೀಮೆಹಸು. ಹಸು ಮಾರಿದ ಮರುದಿನ ಬೆಳಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಅಭ್ಯಾಸಬಲದಿಂದ ಕ್ಯಾನ್ ತೊಳೆದಿಟ್ಟ ಅಮ್ಮ. ಅಷ್ಟು ಬರೆದು ನಿಲ್ಲಿಸಿ. ಅಮ್ಮ ಅತ್ತಳು ಅಂತ ಸೇರಿಸಬೇಡಿ.

ಹುಷಾರಾಗಿರುವ ಅಕ್ಕನನ್ನೂ ಮರೆಯಬೇಡಿ. ಕಥೆ ಹೇಳುವವಳು ಅವಳೇ ಆದರೆ ಇನ್ನೂ ಒಳ್ಳೆಯದು. ತಮ್ಮ ಹುಷಾರಿಲ್ಲದೆ ಮಲಗಿರುವಾಗ ಇವಳಿಗೆ ಟ್ರಿಪ್ಪಿಗೆ ಕಳಿಸಲಿಲ್ಲ ಅಂತ ಕೋಪ. ಬೇಗ ಏನಾದರೂ ಒಂದು ಆಗಿಬಿಡಲಿ ಅಂತ ಒಂದು ಕ್ಷಣ ಅನಿಸಿಯೂಬಿಡುತ್ತದೆ, ಆಮೇಲೆ ಅದಕ್ಕೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಹುಡುಗರು ಇದನ್ನು ಓದಿದಾಗ "ಅಯ್ಯೋ, ನನಗೊಬ್ಬಳಿಗೇ ಅಲ್ಲ" ಅಂತಾರೆ. ಆ ಸಾಲನ್ನು ಸಂಪಾದಕರು ತೆಗೆಯಿರಿ ಅಂದರೆ ಜಗಳ ಆಡಿ.

ಸಾವು ಬಂದರೆ, ಸಾವಿನ ದಿನಕ್ಕಿಂತ ಆಮೇಲಿನದನ್ನು ಜಾಸ್ತಿ ಬರೆಯಿರಿ. ಆ ದಿನ ಮಕ್ಕಳನ್ನು ಪಕ್ಕದ ಮನೆಗೆ ಕಳಿಸುತ್ತಾರೆ, ಯಾರೋ ಬಿಸ್ಕೆಟ್ ಕೊಡುತ್ತಾರೆ. ಮೂರನೇ ದಿನ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ, ಜಾತಿಯಿಂದ ಜಾತಿಗೆ ಬೇರೆ, ಕೇಳಿ ತಿಳಿದುಕೊಂಡು ಬರೆಯಿರಿ. ತಿಥಿ ಊಟ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಶುರುವಾಗುತ್ತದೆ ನಿಜವಾದದ್ದು. ತೀರಿಕೊಂಡದ್ದು ಅಪ್ಪ ಅಂದುಕೊಳ್ಳಿ. ಗ್ಯಾಸ್ ಬುಕ್ ಮಾಡಿದರೆ ಓಟಿಪಿ ಅಪ್ಪನ ನಂಬರಿಗೆ ಬರುತ್ತದೆ, ಆ ಫೋನಿಗೆ ಕರೆನ್ಸಿ ಹಾಕಿಸುತ್ತಲೇ ಇರಬೇಕು. ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು. ಎಸ್ಸೆಸ್ಸೆಲ್ಸಿ ಫಾರಂನಲ್ಲಿ ತಂದೆಯ ಹೆಸರಿನ ಮುಂದೆ "ದಿವಂಗತ" ಅಂತ ಮೊದಲ ಸಲ ಬರೆಯಬೇಕು, ಪೆನ್ನು ಅಲ್ಲೇ ನಿಲ್ಲುತ್ತದೆ. ಮಕ್ಕಳು ಒಂದೇ ಸಮನೆ ದುಃಖದಲ್ಲಿ ಇರುವುದೂ ಇಲ್ಲ. ತಿಥಿ ದಿನವೇ ಕ್ರಿಕೆಟ್ ಸ್ಕೋರ್ ಕೇಳುತ್ತಾರೆ. ಆಮೇಲೆ ಯಾವುದೋ ಜನವರಿಯ ಬೆಳಗ್ಗೆ, ಅವರೆಕಾಯಿ ಬಿಡಿಸುವಾಗ, ಹಿತಕಿದ ಬೇಳೆ ಅಪ್ಪನಿಗೆ ಇಷ್ಟ ಅಂತ ನೆನಪಾಗಿ ಎದ್ದು ಹೋಗುತ್ತಾರೆ.

ಉಪಮೆಗಳ ಬಗ್ಗೆ ಒಂದು ಎಚ್ಚರಿಕೆ. ರೇಷ್ಮೆಹುಳ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೇಳುವುದು. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಪ್ರತಿ ಜ್ವರಕ್ಕೂ ಹುಳ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ, ಎದ್ದ ಮೇಲೆ ಮೊದಲಿಗಿಂತ ದೊಡ್ಡದು. ಕಾಯಿಲೆ, ಬೆಳೆಯುವುದು, ಎರಡೂ ಒಂದೇ ಪದದಲ್ಲಿ ಸಿಕ್ಕ ಮೇಲೆ ಬರಹಗಾರರಿಗೆ ಕೇಳಬೇಕಾ! ಮೊದಲ ಪ್ರತಿಯಲ್ಲಿ ನಾನು ಅದನ್ನು ಹದಿನಾಲ್ಕು ಕಡೆ ಬಳಸಿದ್ದೆ. ಈಗ ಒಂದೇ ಕಡೆ ಇದೆ. ಅದೂ ಉಪಮೆಯಾಗಿ ಅಲ್ಲ. ಅಪ್ಪ ಅಮ್ಮ ಬೆಂಗಳೂರಿನಲ್ಲಿ, ಮನೆಯಲ್ಲಿ ಹುಳ ನಾಲ್ಕನೇ ಜ್ವರಕ್ಕೆ ಬಂದಿದೆ, ಹುಡುಗಿ ಒಬ್ಬಳೇ. ಆಮೇಲೆ ಅವಳೇ ಗೂಡು ಕಟ್ಟಲು ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ ಬಿಡುತ್ತಾಳೆ, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಒಯ್ಯುತ್ತಾಳೆ, ಹರಾಜಿನಲ್ಲಿ ರೇಟು ಕಡಿಮೆ ಅನಿಸಿದಾಗ "ಕೊಡಲ್ಲ" ಅಂತಾಳೆ. ದೊಡ್ಡವಳಾದಳು ಅಂತ ನಾನು ಎಲ್ಲೂ ಬರೆದಿಲ್ಲ.

ಕೆಲವು ಸಣ್ಣ ವಿಷಯ. ಮೂವತ್ತು ನಲವತ್ತು ಸಾವಿರ ಪದ ಸಾಕು. ಔಷಧಿ, ವಾರ, ಡಿಗ್ರಿ, ಇವನ್ನೆಲ್ಲ ಒಬ್ಬ ನರ್ಸ್ ಹತ್ತಿರವಾದರೂ ಓದಿಸಿ, ಡಾಕ್ಟರಿಗಿಂತ ಅವರಿಗೆ ರಾತ್ರಿ ಪಾಳಿಯ ಸಂಗತಿ ಜಾಸ್ತಿ ಗೊತ್ತು. ನಾಟಿ ಔಷಧಿಯಿಂದ ಕ್ಯಾನ್ಸರ್ ಗುಣವಾಯಿತು ಅಂತ ದಯವಿಟ್ಟು ಬರೆಯಬೇಡಿ, ಅದನ್ನು ಓದಿ ಯಾರೋ ಚಿಕಿತ್ಸೆ ಬಿಡಬಹುದು. ಯಾರದಾದರೂ ಮನೆಯ ನಿಜವಾದ ಕಾಯಿಲೆಯನ್ನು ಎತ್ತಿಕೊಂಡರೆ ಅವರನ್ನು ಕೇಳಿ, ಅವರು ಬೇಡ ಅಂದರೆ ಬಿಡಿ. ಪುಸ್ತಕದ ಕೊನೆ ಪುಟದಲ್ಲಿ ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹಾಕಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098 ಕೂಡ ಇರಲಿ.

ಮುಗಿದ ಮೇಲೆ ಆ ವಯಸ್ಸಿನವರಿಗೇ ಓದಲು ಕೊಡಿ. ಟೀಚರ್‌ಗಳಿಗೆ ಬೇಡ, ಅವರು ನೀತಿ ಎಲ್ಲಿ ಅಂತ ಹುಡುಕುತ್ತಾರೆ. ಓದಿದವರನ್ನು "ಹೇಗಿದೆ" ಅಂತ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. ಎಲ್ಲಿ ಬೋರ್ ಆಗಿ ಫೋನ್ ತೆಗೆದೆ, ಎಲ್ಲಿ ಇದು ಸುಳ್ಳು ಅನಿಸಿತು, ಅಂತ ಕೇಳಿ. ಪೆನ್ಸಿಲ್ ಕೊಟ್ಟು ಕಳಿಸಿ.

ನನ್ನ ಎರಡನೇ ಪ್ರತಿಯನ್ನೂ ಅದೇ ಹುಡುಗಿಗೆ ಕೊಟ್ಟೆ. ಅಷ್ಟರಲ್ಲಿ ಅವಳು ಪಿಯುಸಿ ಸೇರಿದ್ದಳು. ಮೂರು ವಾರ ಸದ್ದಿಲ್ಲ. ಆಮೇಲೆ ಒಂದು ಸಂಜೆ ಗೇಟಿನ ಹತ್ತಿರ ನಿಂತು ಕೊಟ್ಟು ಹೋದಳು, ಒಳಗೂ ಬರಲಿಲ್ಲ. ಹುಡುಕಿ ಹುಡುಕಿ ನೋಡಿದರೆ ಇಡೀ ಪ್ರತಿಯಲ್ಲಿ ಒಂದೇ ಕಡೆ ಪೆನ್ಸಿಲ್ ಗೆರೆ. ಹುಳ ನಾಲ್ಕನೇ ಜ್ವರಕ್ಕೆ ಕೂತು, ಹುಡುಗಿ ಒಬ್ಬಳೇ ಸೊಪ್ಪು ಹಾಕುವ ಆ ರಾತ್ರಿಯ ಪುಟದಲ್ಲಿ, ಅಂಚಿನಲ್ಲಿ ಹೀಗೆ ಬರೆದಿದ್ದಳು: "ಜ್ವರಕ್ಕೆ ಕೂತಾಗ ಸೊಪ್ಪು ಹಾಕಲ್ಲ ಆಂಟಿ, ಸುಣ್ಣ ಹಾಕ್ತಾರೆ. ತಿದ್ದಿ."