ರಂಗೋಲಿ ವೃತ್ತಗಳಲ್ಲಿ ವೀರ್ಯಾಣುವಿನ ನಡಿಗೆ

ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ, ವೀರ್ಯಾಣು ಅಂಡವನ್ನು ಹುಡುಕುವ ಬಗೆಯನ್ನು ಹಲಗೆಯ ಮೇಲೆ ವಿವರಿಸಿ ಎಂದೂ ತೃಪ್ತಿಯಾಗಿರಲಿಲ್ಲ. ಅರ್ಬೇಸಿಯಾ ಎಂಬ ಸೀ ಅರ್ಚಿನ್‌ನ (ಮೈತುಂಬ ಮುಳ್ಳಿರುವ ಕಡಲ ಜೀವಿ) ಅಂಡದ ಲೋಳೆಯಿಂದ, ವೀರ್ಯಾಣುವನ್ನು ಸೆಳೆಯುವ ರಿಸ್ಯಾಕ್ಟ್ ಎಂಬ 14 ಅಮೈನೋ ಆಮ್ಲಗಳ ಅಣು ಹೊರಬರುತ್ತದೆ. ಅದು ವೀರ್ಯಾಣುವಿನ ಬಾಲದ ಗ್ರಾಹಕಕ್ಕೆ ಅಂಟಿದೊಡನೆ ಸೈಕ್ಲಿಕ್ ಜಿಎಂಪಿ ಎಂಬ ಒಳಸಂದೇಶದ ಅಣು ಹೆಚ್ಚಿ, ಪೊಟ್ಯಾಸಿಯಂ ಹೊರಹರಿದು, ಒಳಗಿನ ಆಮ್ಲೀಯತೆ ತಗ್ಗಿ, ಕೊನೆಗೆ ಕ್ಯಾಟ್‌ಸ್ಪರ್ ಎಂಬ ದ್ವಾರ ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಇಷ್ಟು ಎಲ್ಲರಿಗೂ ಬಾಯಿಪಾಠ. ಕ್ಯಾಲ್ಸಿಯಂ ನುಗ್ಗಿದ ಮಾತ್ರಕ್ಕೆ ದಾರಿ ಹೇಗೆ ಸಿಗುತ್ತದೆ ಎಂದರೆ ತರಗತಿ ಮೌನವಾಗುತ್ತಿತ್ತು. ಕಡಲು ಘಟ್ಟದಾಚೆ, ಜೀವಂತ ಅರ್ಚಿನ್ ತಂದು ಸಾಕುವ ಅನುಕೂಲ ನಮಗಿಲ್ಲ. ಹಾಗಾಗಿ ಮೈದಾನದಲ್ಲೇ ನಡೆಸಿ ತೋರಿಸಲು ಹೊರಟೆ.

ಮೊದಲು ಶ್ರುತಿಪೆಟ್ಟಿಗೆಯನ್ನೇ ಅಂಡವೆಂದು ಇಟ್ಟು ನೋಡಿದೆ, ಆದರೆ ಎರಡು ಕಿವಿಗಳು ಕೂಡಿ ದಿಕ್ಕನ್ನು ಹೇಳಿಬಿಡುತ್ತವೆ. ವೀರ್ಯಾಣುವಿಗೆ ಆ ಸೌಲಭ್ಯವಿಲ್ಲ, ಅದಕ್ಕೆ ಗೊತ್ತಾಗುವುದು ರಿಸ್ಯಾಕ್ಟ್‌ನ ಆಗಿನ ಸಾಂದ್ರತೆಗಿಂತ ಈಗಿನದು ಹೆಚ್ಚೋ ಕಡಿಮೆಯೋ ಎಂಬುದಷ್ಟೆ. ಆಮೇಲೆ ರಂಗೋಲಿ ಪುಡಿಯಲ್ಲಿ ಒಂದರೊಳಗೊಂದು ವೃತ್ತ ಬರೆದು, ಕೇಂದ್ರದ ಕಡೆಗೆ ಹೆಚ್ಚುವಂತೆ ಸಂಖ್ಯೆ ಕೊಟ್ಟೆ; ಕೇಂದ್ರವೇ ಅಂಡ, ಸಂಖ್ಯೆಯೇ ಸಾಂದ್ರತೆ. ಸೂಕ್ಷ್ಮದರ್ಶಕದಡಿ ಗಾಜಿನ ಮೇಲ್ಮೈ ಬಳಿ ವೀರ್ಯಾಣು ವೃತ್ತಾಕಾರದಲ್ಲಿ ಈಜುವುದರಿಂದ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹುಡುಗನೂ ಎಡಕ್ಕೆ ಬಾಗುತ್ತ ಸುತ್ತಬೇಕು. ಜೊತೆಗಾರ ಕಾಲ ಕೆಳಗಿನ ಸಂಖ್ಯೆಯನ್ನು ಕೂಗಬೇಕು.

ಸಂಖ್ಯೆ ಇಳಿಯತೊಡಗಿದೊಡನೆ ಥಟ್ಟನೆ ಎಡಕ್ಕೆ ತಿರುಗಿ ಹತ್ತು ಹೆಜ್ಜೆ ನೇರ ನಡೆ ಎಂದಿದ್ದೆ. ಹುಡುಗ ಕೇಂದ್ರ ಬಿಟ್ಟು ಕಾಂಪೌಂಡಿನತ್ತ ಹೋದ. ಗೋಡೆಯಾಚೆಯ ಮಿರ್ಚಿ ಗಾಡಿಯ ವಾಸನೆಗೆ ಹೋದನೆಂದು ಉಳಿದವರು ನಕ್ಕರು. ತಪ್ಪು ನನ್ನ ಸೂಚನೆಯಲ್ಲಿತ್ತು. ಸಂಖ್ಯೆ ಇಳಿಯತೊಡಗುವುದು ವೃತ್ತದಲ್ಲಿ ಅಂಡಕ್ಕೆ ಅತಿ ಸಮೀಪದ ಬಿಂದುವಿನಲ್ಲಿ, ಮತ್ತು ಆಗ ಅಂಡ ಇರುವುದು ಅವನ ಬಲಕ್ಕೆ. ಸಯೋನಾ ಎಂಬ ಕಡಲ ಜೀವಿಯಲ್ಲಿ ಕ್ಯಾಲ್ಸಿಯಂ ಥಟ್ಟನೆ ಏರುವುದು ಆಕರ್ಷಕದ ಸಾಂದ್ರತೆ ಅತಿ ಕಡಿಮೆಯಾದ ಬಿಂದುವಿನ ಆಸುಪಾಸಿನಲ್ಲಿ ಎಂದು 2008ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದನ್ನು ಓದಿದ್ದೂ ಮರೆತಿದ್ದೆ.

ಸಂಖ್ಯೆ ತಳಮುಟ್ಟಿ ಮತ್ತೆ ಏರತೊಡಗಿದಾಗ ತಿರುಗು ಎಂದು ಬದಲಿಸಿದೆ. ಆ ಬಿಂದುವಿನಲ್ಲಿ ಅಂಡ ಎಡಕ್ಕಿರುತ್ತದೆ; ಕ್ಯಾಲ್ಸಿಯಂ ಏರಿದಾಗ ಬಾಲದ ಬಡಿತ ಒಂದು ಪಕ್ಕಕ್ಕೆ ವಾಲಿ ವೀರ್ಯಾಣು ಹೊರಳುವುದೂ, ಆಮೇಲೆ ನೇರವಾಗಿ ಧಾವಿಸುವುದೂ ಅತ್ತಲೇ. ಹುಡುಗ ನಾಲ್ಕೈದು ತಿರುವುಗಳಲ್ಲಿ ಕೇಂದ್ರ ಮುಟ್ಟಿದ. ತಿರುಗಲು ಎರಡು ಹೆಜ್ಜೆ ತಡಮಾಡುತ್ತಿದ್ದ ಹುಡುಗಿಯೊಬ್ಬಳು ಓರೆಯಾಗಿ ಬಳಸಿಕೊಂಡು ಬಂದರೂ ತಲುಪಿದಳು. ಅರ್ಚಿನ್‌ನಲ್ಲಿಯೂ ಅಣು ಅಂಟುವುದಕ್ಕೂ ಕ್ಯಾಲ್ಸಿಯಂ ಏರುವುದಕ್ಕೂ ನಡುವೆ ಕ್ಷಣಾಂಶದ ವಿಳಂಬವಿದೆ.

ಕ್ಯಾಲ್ಸಿಯಂ ತೆಗೆದ ಕಡಲ ನೀರಿನಲ್ಲಿ ಈ ಆಕರ್ಷಣೆ ಕೆಲಸ ಮಾಡದು. ಅದನ್ನು ತೋರಿಸಲು ಕೊನೆಯ ಹುಡುಗನಿಗೆ, ಸಂಖ್ಯೆ ಕೇಳಿಸಿದರೂ ತಿರುಗಬೇಡ ಎಂದೆ. ಗಂಟೆ ಹೊಡೆಯುವವರೆಗೂ ಅವನು ಅಲ್ಲಲ್ಲೇ ಸುತ್ತುತ್ತಿದ್ದ.