ಗೇರ್ ನಾಬ್ ಕೊಳ್ಳುವ ಮುನ್ನ ರಾಡಿನ ಥ್ರೆಡ್ ಅಳೆಯಿರಿ

ಕಾರಿನಲ್ಲಿ ಸ್ಟೀರಿಂಗ್ ಬಿಟ್ಟರೆ ನಮ್ಮ ಕೈ ಹೆಚ್ಚು ತಾಗುವುದು ಗೇರ್ ರಾಡಿನ ತುದಿಯ ಹಿಡಿಗೆ, ಅಂದರೆ ಗೇರ್ ನಾಬ್‌ಗೆ. ಅಂಗೈಯ ಬೆವರು, ಬೆರಳಿನ ಉಂಗುರ, ಗಾಜಿನಿಂದ ಇಳಿಯುವ ಬಿಸಿಲು ಮೂರೂ ಸೇರಿ ಅದನ್ನು ಸವೆಸುತ್ತವೆ. ಮೇಲಿನ ಲೇಪ ಅಂಟಂಟಾಗುತ್ತದೆ, ಚರ್ಮದ ಹೊಲಿಗೆ ಬಿಚ್ಚುತ್ತದೆ, ಗೇರ್‌ಗಳ ಗುರುತು ಅಳಿಸಿಹೋಗುತ್ತದೆ. ಇಷ್ಟೇ ಆದರೆ ನಿಧಾನವಾಗಿ ಬದಲಿಸಬಹುದು. ನಾಬ್ ರಾಡಿನ ಮೇಲೆ ಸಡಿಲವಾಗಿ ತಿರುಗುತ್ತಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ.

ಈ ಮಾತನ್ನು ನಾನು ಚೋರ್ಲಾ ಘಾಟಿನಲ್ಲಿ ಕಲಿತೆ. ಬೆಳಗಾವಿಯಿಂದ ಹೊರಟು, ಜಾಂಬೋಟಿ, ಕಣಕುಂಬಿ ದಾಟಿ ಗೋವಾ ಕಡೆಗೆ ಇಳಿಯುತ್ತಿದ್ದೆ. ಮಳೆ ಸುರಿಯುತ್ತಿತ್ತು. ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಎಳೆದಾಗ ನಾಬ್ ಕೈಗೇ ಬಂದಿತು, ರಾಡ್ ಇದ್ದಲ್ಲೇ ಇತ್ತು. ಬರಿಯ ರಾಡನ್ನೇ ಹಿಡಿದು ಗೇರ್ ಹಾಕಿ, ಅಗಲವಾದ ಜಾಗ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಿದೆ. ನಾಬಿನ ಒಳಗೆ ಬೆರಳು ಹಾಕಿದರೆ ಮಡಚಿ ತುರುಕಿದ ಕಾಗದ ಸಿಕ್ಕಿತು. ಕೆಲವು ತಿಂಗಳ ಹಿಂದೆ ಬಿಡಿಭಾಗದ ಅಂಗಡಿಯೊಂದರಲ್ಲಿ ಹಾಕಿಸಿಕೊಂಡಿದ್ದ ನಾಬ್ ಅದು. 10 ಮಿಲಿಮೀಟರ್ ರಾಡಿಗೆ 12ರ ನಾಬ್ ಕೊಟ್ಟು, ಸಡಿಲವನ್ನು ಕಾಗದದಿಂದ ತುಂಬಿದ್ದರು. ಅಂದಿನಿಂದ ಈ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ.

ಮೊದಲು ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಎಂಜಿನ್ ಆರಿಸಿ ಕೀಲಿ ತೆಗೆಯಿರಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಆಮೇಲೆ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಇಲ್ಲಿ ಹೇಳುವುದೆಲ್ಲ ಮ್ಯಾನುವಲ್ ಗೇರ್ ಕಾರಿಗೆ ಮಾತ್ರ. ಆಟೊಮ್ಯಾಟಿಕ್ ಕಾರುಗಳ ನಾಬಿನೊಳಗೆ ಗುಂಡಿಯೂ ಕೆಲವೊಮ್ಮೆ ವೈರ್‌ಗಳೂ ಇರುತ್ತವೆ, ಅವುಗಳಿಗೆ ಕೈಹಾಕಬೇಡಿ.

ನಾಬಿನ ಕೆಳಗೆ ರಾಡನ್ನು ಮುಚ್ಚಿರುವ ನೆರಿಗೆ ನೆರಿಗೆಯ ಹೊದಿಕೆ ಗೇರ್ ಬೂಟ್. ಅದರ ಬುಡದ ಚೌಕಟ್ಟು ಸಾಮಾನ್ಯವಾಗಿ ಪ್ಲಾಸ್ಟಿಕ್ ಕ್ಲಿಪ್‌ಗಳ ಮೇಲೆ ಕುಳಿತಿರುತ್ತದೆ. ಬೆರಳಿನಿಂದ ಒಳಕ್ಕೆ ಒತ್ತಿ ಎತ್ತಿದರೆ ಏಳುತ್ತದೆ. ಸ್ಕ್ರೂಡ್ರೈವರ್ ಬೇಕೇಬೇಕಾದರೆ ತುದಿಗೆ ಬಟ್ಟೆ ಸುತ್ತಿ. ಬೂಟನ್ನು ಒಳಮುಖ ಹೊರಗಾಗುವಂತೆ ಮೇಲಕ್ಕೆ ಮಗುಚಿದರೆ ನಾಬಿನ ಕುತ್ತಿಗೆ ಕಾಣುತ್ತದೆ. ಅಲ್ಲಿ ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದರೆ ಕತ್ತರಿಸಿ, ಹೊಸದನ್ನು ಕಟ್ಟಬಹುದು. ಆದರೆ ಎರಡು ಸೀಟುಗಳ ನಡುವಿನ ಕನ್ಸೋಲ್‌ನ ಬೋಲ್ಟ್‌ಗಳನ್ನು ಬಿಚ್ಚಲು ಹೋಗಬೇಡಿ. ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆ ಅದರ ಕೆಳಗೇ ಇರುತ್ತದೆ.

ಕುತ್ತಿಗೆಯ ಪಕ್ಕದಲ್ಲಿ ತಲೆಯಿಲ್ಲದ ಪುಟ್ಟ ಸ್ಕ್ರೂ ಇದ್ದರೆ ಅಲೆನ್ ಕೀಯಿಂದ (ಆರು ಮೂಲೆಯ ಬಾಗಿದ ಕೀಲಿ) ಸಡಿಲಿಸಿ, ನಾಬ್ ಮೇಲಕ್ಕೆ ಬರುತ್ತದೆ. ಸ್ಕ್ರೂ ಇಲ್ಲದಿದ್ದರೆ ಒಂದು ಕೈಯಲ್ಲಿ ರಾಡನ್ನು ಭದ್ರವಾಗಿ ಹಿಡಿದು, ಇನ್ನೊಂದರಿಂದ ನಾಬನ್ನು ಎಡಕ್ಕೆ ತಿರುಗಿಸಿ. ರಾಡನ್ನು ಹಿಡಿಯದೆ ತಿರುಗಿಸಿದರೆ ಬಲವೆಲ್ಲ ರಾಡಿನ ಬುಡವನ್ನು ಹಿಡಿದಿರುವ ಬಳೆಯಂಥ ಬುಷ್‌ ಮೇಲೆ ಬೀಳುತ್ತದೆ. ಅಲುಗದಿದ್ದರೆ ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಸುತ್ತಿಡಿ. ಒಳಗಿನ ಅಂಟು ಮೆತ್ತಗಾದರೆ ನಾಬ್ ಬಿಡುತ್ತದೆ. ತಿರುಗದೆ ಬರೀ ಅಲುಗುತ್ತಿದ್ದರೆ ಅದು ಒತ್ತಿ ಕೂರಿಸಿದ ನಾಬ್, ನೇರವಾಗಿ ಮೇಲಕ್ಕೆ ಎಳೆಯಬೇಕು. ಎಳೆಯುವಾಗ ಮುಖವನ್ನು ಪಕ್ಕಕ್ಕೆ ಸರಿಸಿಕೊಳ್ಳಿ. ಅದು ಹಠಾತ್ತನೆ ಬಿಟ್ಟಾಗ ಮುಷ್ಟಿ ಗದ್ದಕ್ಕೇ ಬಡಿಯುತ್ತದೆ.

ರಿವರ್ಸ್‌ಗೆ ನಾಬಿನ ಕೆಳಗಿನ ಉಂಗುರ ಎತ್ತಬೇಕಾದ ಕಾರು ನಿಮ್ಮದಾದರೆ, ಅದೇ ಮಾದರಿಗೆ ಕಂಪನಿ ಕೊಡುವ ನಾಬನ್ನೇ ತನ್ನಿ. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ನಾಬ್ ಹಾಕಿದರೆ ಉಂಗುರ ಕೆಲಸ ಮಾಡದೆ, ರಿವರ್ಸ್ ಬೀಳದೆ ಉಳಿಯಬಹುದು.

ಈಗ ಅಳತೆ. ಇದಕ್ಕೆ ಆತುರಪಡಬೇಡಿ, ನನ್ನ ನಾಬ್ ಕೈಗೆ ಬಂದದ್ದು ಇಲ್ಲಿ ತಪ್ಪಿದ್ದಕ್ಕೆ. ಥ್ರೆಡ್ (ನಾಬ್ ತಿರುಗಿ ಕೂರುವ ಸುರುಳಿ ಗೆರೆ) ಇರುವ ರಾಡನ್ನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ. ಬೆಳಗಾವಿಯ ಮಳೆಗಾಲದ ತೇವಕ್ಕೆ ಅಲ್ಲಿ ಕೆಂಪು ತುಕ್ಕು ಹಿಡಿದಿರುತ್ತದೆ. ದಪ್ಪ ಅಳೆಯುವ ವರ್ನಿಯರ್ ಇಟ್ಟಾಗ 9.8 ಮಿಲಿಮೀಟರ್ ಆಸುಪಾಸು ಬಂದರೆ ಅದು 10ರ ಥ್ರೆಡ್, 11.8ರ ಆಸುಪಾಸು ಬಂದರೆ 12ರದು. ಇಷ್ಟಕ್ಕೇ ಅಂಗಡಿಗೆ ಹೋಗಬೇಡಿ. 10ರಲ್ಲೇ ಸುತ್ತುಗಳ ನಡುವಿನ ಅಂತರ 1, 1.25, 1.5 ಮಿಲಿಮೀಟರ್ ಎಂದು ಬೇರೆ ಬೇರೆ ಇರುತ್ತದೆ. ತೆಳುವಾದ ಬಿಳಿ ಕಾಗದವನ್ನು ಥ್ರೆಡ್ ಮೇಲೆ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜಿ. ಗೆರೆಗಳು ಸಾಲಾಗಿ ಮೂಡುತ್ತವೆ. ಮೊದಲ ಗೆರೆಯಿಂದ ಹನ್ನೊಂದನೆಯದಕ್ಕೆ ಸ್ಕೇಲ್ ಇಡಿ. 12.5 ಮಿಲಿಮೀಟರ್ ಬಂದರೆ ಅಂತರ 1.25, ಪೂರ್ತಿ 15 ಬಂದರೆ 1.5. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ಹೊಸ ನಾಬಿನ ಮೇಲಿನ ಗೇರ್ ಗುರುತನ್ನು ನಿಮ್ಮ ಕಾರಿನದಕ್ಕೆ ಹೋಲಿಸಿ ನೋಡಿ. ಕೆಲವು ಕಾರುಗಳಲ್ಲಿ ರಿವರ್ಸ್ ಬಲಕ್ಕೆ ಕೆಳಗಿದ್ದರೆ ಕೆಲವದರಲ್ಲಿ ಎಡಕ್ಕೆ ಮೇಲಿರುತ್ತದೆ. ಹೊಳೆಯುವ ಉಕ್ಕಿನ ನಾಬ್ ನನಗೆ ಹಿಡಿಸುವುದಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಎರಡು ಗಂಟೆ ನಿಂತ ಕಾರಿನಲ್ಲಿ ಅದನ್ನು ಮುಟ್ಟಲಾಗುವುದಿಲ್ಲ. ಒಳ್ಳೆಯ ಚರ್ಮದ್ದು ಅಥವಾ ಗಟ್ಟಿ ಪ್ಲಾಸ್ಟಿಕ್‌ನದು ಸಾಕು.

ಹೊಂದುವ ನಾಬ್ ಸಿಗದಿದ್ದರೆ ಬೆಳಗಾವಿಯವರಿಗೆ ಉದ್ಯಮಬಾಗ ಇದೆ. ಫೌಂಡ್ರಿ, ಲೇತ್‌ಗಳ ಆ ಬಡಾವಣೆಯಲ್ಲಿ ಯಾವುದೇ ಸಣ್ಣ ಲೇತ್ ಶಾಪಿಗೆ ಹೋಗಿ, ರಾಡ್ 10ರದು, ನಾಬ್ 12ರದು ಆಗಿದ್ದರೆ ಎರಡರ ನಡುವೆ ಕೂರುವ, ಒಳಗೆ 10ರ, ಹೊರಗೆ 12ರ ಥ್ರೆಡ್ ಇರುವ ಹಿತ್ತಾಳೆಯ ಬುಷ್ ಬೇಕೆಂದು ಕೇಳಿ, ಕಾಗದದ ಗುರುತನ್ನೂ ಹೊಸ ನಾಬನ್ನೂ ಮುಂದಿಡಿ. ನನ್ನ ಬುಷ್ ಕಡೆದುಕೊಟ್ಟ ಟರ್ನರ್ ಕಾಗದವನ್ನು ಬೆಳಕಿಗೆ ಹಿಡಿದು, ಗೆರೆಗಳ ಮೇಲೆ ಉಗುರು ಆಡಿಸಿ, ಅಳತೆ ಹೇಳುವ ಮೊದಲೇ ಲೇತ್ ಕಡೆಗೆ ತಿರುಗಿದ್ದರು. ಆ ಬುಷ್ ಇಂದಿಗೂ ಮಿಸುಕಿಲ್ಲ.

ಕೂರಿಸುವಾಗ ಮೊದಲು ಬೂಟ್, ಅದರ ಮೇಲೆ ಅದೇ ಥ್ರೆಡ್‌ನ ತೆಳು ನಟ್, ನಂತರ ನಾಬ್. ಮೊದಲ ಮೂರು ಸುತ್ತು ಬೆರಳಿನಲ್ಲೇ ಹಗುರವಾಗಿ ಹೋಗಬೇಕು. ಬಿಗಿಯಾದರೆ ಥ್ರೆಡ್ ಓರೆಯಾಗಿ ಕಚ್ಚಿದೆ ಎಂದರ್ಥ, ಬಿಚ್ಚಿ ಮತ್ತೆ ಆರಂಭಿಸಿ. ಗೇರ್ ಗುರುತು ನಿಮ್ಮ ಕಡೆಗೆ ನೇರವಾದಾಗ ನಾಬನ್ನು ಹಾಗೇ ಹಿಡಿದು, ಕೆಳಗಿನ ನಟ್ಟನ್ನು ಪಾನಾದಿಂದ ಮೇಲಕ್ಕೆ ಬಿಗಿಯಿರಿ. ಕಾಗದ, ಬಟ್ಟೆ, ಫೆವಿಕ್ವಿಕ್ ಯಾವುದೂ ಬೇಡ. ಕೊನೆಗೆ ಬೂಟನ್ನು ಕಟ್ಟಿ, ಕ್ಲಿಪ್‌ಗಳು ಟಕ್ಕೆನ್ನುವಂತೆ ಒತ್ತಿ.

ಎಂಜಿನ್ ಆರಿರುವಾಗಲೇ ಕ್ಲಚ್ ತುಳಿದು ರಿವರ್ಸ್ ಸೇರಿ ಎಲ್ಲ ಗೇರ್‌ಗಳನ್ನೂ ಹಾಕಿ ನೋಡಿ. ಬೂಟ್ ಎಲ್ಲಿಯೂ ಬಿಗಿದು ರಾಡನ್ನು ಹಿಂದಕ್ಕೆ ಎಳೆಯಬಾರದು. ಆಮೇಲೆ ಊರೊಳಗೆ ಒಂದು ಸುತ್ತು ಹೋಗಿ ಬನ್ನಿ. ಹೊಸ ನಾಬ್ ಹಿತವಾಗಿದೆಯೆಂದು ಕೈಯನ್ನು ಅದರ ಮೇಲೇ ಇಟ್ಟುಕೊಂಡು ಓಡಿಸಬೇಡಿ. ಆ ಭಾರ ಗೇರ್‌ಬಾಕ್ಸ್‌ನೊಳಗಿನ ಗೇರ್ ಬದಲಿಸುವ ಫೋರ್ಕ್ ಮೇಲೆ ಬಿದ್ದು ಅದು ಸವೆಯುತ್ತದೆ. ಒಂದು ವಾರದ ಬಳಿಕ ಕಾರು ನಿಂತಿರುವಾಗ ನಾಬನ್ನು ಎಡಕ್ಕೆ ತಿರುಗಿಸಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಬೂಟ್ ಎತ್ತಿ ನಟ್ಟನ್ನು ಇನ್ನೊಮ್ಮೆ ಬಿಗಿಯಿರಿ.