ಹಳೆಯ ಚೈನ್‌ಸಾಗೆ ಮತ್ತೆ ಕಸುವು: ಸ್ಕ್ರೂಡ್ರೈವರ್ ಸರದಿ ಕೊನೆಗೆ

ಮಳೆಗೆ ಮುಂಚಿನ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾದರೆ ಸಾಕು, ಮಲೆನಾಡಿನ ಕಾಫಿ ತೋಟಗಳಲ್ಲಿ ಮೂಲೆ ಹಿಡಿದಿದ್ದ ಚೈನ್‌ಸಾಗಳೆಲ್ಲ ಹೊರಗೆ ಬರುತ್ತವೆ. ಹತ್ತು ಹದಿನೈದು ವರ್ಷ ದುಡಿದ ಯಂತ್ರ ಹೇಗೋ ಸ್ಟಾರ್ಟ್ ಆಗುತ್ತದೆ; ಸಿಲ್ವರ್ ಓಕ್‌ನ ದಪ್ಪ ಕೊಂಬೆಗೆ ಇಟ್ಟೊಡನೆ ಉಸಿರು ಬಿಡುತ್ತದೆ. ಆಗ ಯಾರಾದರೊಬ್ಬರು ಸ್ಕ್ರೂಡ್ರೈವರ್ ತಂದು, ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್‌ನ ಸ್ಕ್ರೂ ತಿರುವುತ್ತಾರೆ, ಇನ್ನೊಬ್ಬರು ಸೈಲೆನ್ಸರ್‌ಗೆ ತೂತು ಹಾಕಿಸಲು ಹೇಳುತ್ತಾರೆ. ಎರಡೂ ಮಾಡಬಹುದಾದ ಕೆಲಸಗಳೇ, ಆದರೆ ಅವುಗಳ ಸರದಿ ಕೊನೆಗೆ ಬರುತ್ತದೆ. ಮುಂಚಿನ ಕೆಲಸ ಬಿಟ್ಟು ಅಲ್ಲಿಗೇ ಕೈ ಹಾಕಿದರೆ ಪಿಸ್ಟನ್ ಸೀಜ್ ಆಗಿ (ಕಾದು ಸಿಲಿಂಡರ್‌ಗೆ ಕಚ್ಚಿಕೊಂಡು) ಸಿಲಿಂಡರ್ ಬದಲಿಸುವ ಖರ್ಚು ಬರುತ್ತದೆ.

ಇಲ್ಲಿ ಹೇಳುವುದು ಕಾರ್ಬುರೇಟರ್‌ನಲ್ಲಿ ಮೂರು ಸ್ಕ್ರೂಗಳಿರುವ ಹಳೆಯ ಪೆಟ್ರೋಲ್ ಯಂತ್ರಗಳಿಗೆ. ತೋಟಗಳಲ್ಲಿ ಹೆಚ್ಚಾಗಿ ಕಾಣುವ ಸ್ಟಿಲ್ ಎಂಎಸ್ 250 ಅಂಥವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: 45.4 ಸಿಸಿ, 2.3 ಕಿಲೋವಾಟ್.

ಮೊದಲು ಸರಪಳಿ

ಗರಗಸ ಉಗುಳುವ ಹೊಟ್ಟನ್ನು ಅಂಗೈಗೆ ಹಾಕಿಕೊಂಡು ನೋಡಿ. ಅಗಲವಾದ ಚೂರುಗಳಿದ್ದರೆ ಹಲ್ಲು ಸರಿಯಿದೆ. ಹಿಟ್ಟಿನಂಥ ಪುಡಿ ಬರುತ್ತಿದ್ದರೆ ಎಂಜಿನ್ ಎಷ್ಟೇ ಗಟ್ಟಿಯಿದ್ದರೂ ಅದರ ಶಕ್ತಿಯೆಲ್ಲ ಮರವನ್ನು ಉಜ್ಜುವುದಕ್ಕೇ ಖರ್ಚಾಗುತ್ತಿದೆ. ‘ಮೆಷಿನ್ ಎಳೆಯುತ್ತಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಇಲ್ಲಿಗೇ ಮುಗಿಯುತ್ತವೆ ಎಂಬುದು ನನ್ನ ಅಭಿಪ್ರಾಯ.

ಇಂದಿನ ಸರಪಳಿಯ ಹಲ್ಲು ಹಳೆಯ ಕೈಗರಗಸದ ಹಲ್ಲಿನಂತೆ ಮರವನ್ನು ಗೀರುವುದಿಲ್ಲ. ಅಮೆರಿಕದ ಆರೆಗಾನ್‌ನಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವನು 1946ರಲ್ಲಿ ಮರದೊಳಗಿನ ದುಂಬಿಯ ಹುಳು ದವಡೆಯನ್ನು ಅತ್ತಿಂದಿತ್ತ ಆಡಿಸುತ್ತ ಕೊರೆಯುವುದನ್ನು ನೋಡಿ ಈ ಬಾಗಿದ ಹಲ್ಲಿನ ವಿನ್ಯಾಸ ಹೊಳೆಯಿಸಿಕೊಂಡ. ಈ ಹಲ್ಲು ಬಡಗಿಯ ಕೀಸುಳಿಯಂತೆ ಮರವನ್ನು ಪದರವಾಗಿ ಎಬ್ಬಿಸುತ್ತದೆ. ಪದರ ಎಷ್ಟು ದಪ್ಪವಿರಬೇಕೆಂಬುದನ್ನು ಹಲ್ಲಿನ ಮುಂದಿರುವ ಸಣ್ಣ ಗೂಟ ತೀರ್ಮಾನಿಸುತ್ತದೆ. ಹಾಗಾಗಿ ಮಸೆಯುವಾಗ ಹಲ್ಲು ಮತ್ತು ಗೂಟ ಎರಡಕ್ಕೂ ಲೆಕ್ಕ ಇರಬೇಕು.

ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತಿಡಿ, ಕೈಗವಸು ಹಾಕಿ. ಕೊಂಡಿಗಳ ಅಂತರ (ಪಿಚ್) 0.325 ಇಂಚಿರುವ ಸರಪಳಿಗೆ 4.8 ಮಿ.ಮೀ. ಗುಂಡು ಅರ, ಸಣ್ಣ ಯಂತ್ರಗಳ ತಗ್ಗು ಹಲ್ಲಿನ ಮೂರೆಂಟನೇ ಇಂಚಿನ ಸರಪಳಿಗೆ 4 ಮಿ.ಮೀ. ಅರ ಬೇಕು. ಅರದ ಐದನೇ ಒಂದು ಭಾಗ ಹಲ್ಲಿನ ಮೇಲಂಚಿಗಿಂತ ಮೇಲಿರಲಿ. 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆಯುವಾಗ ಅರವನ್ನು ಎತ್ತಿಬಿಡಿ. ಅತಿ ಗಿಡ್ಡದಾದ ಹಲ್ಲನ್ನು ಹುಡುಕಿ, ಉಳಿದವನ್ನೆಲ್ಲ ಅದರ ಉದ್ದಕ್ಕೆ ಇಳಿಸಬೇಕು. ಒಂದು ಬದಿಯ ಹಲ್ಲುಗಳು ಉದ್ದ ಉಳಿದರೆ ಕೊಯ್ತ ಓರೆಯಾಗಿ ಹೋಗುತ್ತದೆ, ಬಾರ್ (ಸರಪಳಿ ಸುತ್ತುವ ಉದ್ದನೆಯ ಪಟ್ಟಿ) ಮರದಲ್ಲಿ ಸಿಕ್ಕಿಕೊಳ್ಳುತ್ತದೆ.

ಮೂರು ನಾಲ್ಕು ಬಾರಿ ಮಸೆದ ಮೇಲೆ ಗೂಟವನ್ನೂ ಚಪ್ಪಟೆ ಅರದಿಂದ ತಗ್ಗಿಸಬೇಕು. ಹಲ್ಲಿನ ತುದಿಗಿಂತ ಅದು 0.65 ಮಿ.ಮೀ. ಕೆಳಗಿದ್ದರೆ ಸರಿ. ಇದಕ್ಕೊಂದು ಅಳತೆಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಕಣ್ಣಂದಾಜು ಬೇಡ. ಬೇಗ ಕೊಯ್ಯಲಿ ಎಂದು ಗೂಟವನ್ನು ಇನ್ನಷ್ಟು ಉಜ್ಜಿದರೆ ಸರಪಳಿ ಮರವನ್ನು ಕಚ್ಚಿ ಹಿಡಿಯುತ್ತದೆ, ಬಾರ್‌ನ ತುದಿ ಮುಖದ ಕಡೆಗೆ ಒದೆಯುವ ಅಪಾಯ ಹೆಚ್ಚುತ್ತದೆ.

ಸರಪಳಿಯನ್ನು ಎಳೆಯುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್‌ನ ಹಲ್ಲಿನಲ್ಲಿ ಅರ್ಧ ಮಿಲಿಮೀಟರ್ ಆಳದ ಸವೆತ ಕಂಡರೆ ಬದಲಿಸಿ. ಬಾರ್ ತಿರುಗಿಸಿ ಹಾಕಿ, ಸರಪಳಿ ಓಡುವ ಅದರ ಅಂಚಿನ ಸಂದಿನ ಹೊಟ್ಟು ಕೆರೆದು ತೆಗೆಯಿರಿ. ಎಂಜಿನ್‌ನಿಂದ ಇಳಿಸಿದ ಹಳೆ ಆಯಿಲ್ ಅನ್ನು ಸರಪಳಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಅದರಲ್ಲಿರುವ ಲೋಹದ ಪುಡಿ ಪಂಪನ್ನೂ ಬಾರನ್ನೂ ಒಟ್ಟಿಗೆ ತಿನ್ನುತ್ತದೆ.

45 ಸಿಸಿ ಯಂತ್ರಕ್ಕೆ 18 ಇಂಚಿನ ಬಾರ್ ಹಾಕಿಕೊಂಡಿದ್ದರೆ 16 ಅಥವಾ 14 ಇಂಚಿಗೆ ಇಳಿಸಿ ನೋಡಿ. ಎಳೆಯಬೇಕಾದ ಸರಪಳಿ ಕಡಿಮೆಯಾಗುತ್ತದೆ, ಏಕಕಾಲಕ್ಕೆ ಮರದಲ್ಲಿರುವ ಹಲ್ಲುಗಳೂ ಕಡಿಮೆಯಾಗುತ್ತವೆ. ಇಷ್ಟು ಅಗ್ಗದ ಮಾರ್ಪಾಟು ಬೇರೊಂದಿಲ್ಲ, ಆದರೆ ಉದ್ದದ ಬಾರ್‌ನ ಗತ್ತು ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ.

ಎಂಜಿನ್ ಇನ್ನೂ ಜೀವಂತವೇ?

ಸೈಲೆನ್ಸರ್ ಬಿಚ್ಚಿ, ಹೊಗೆ ಬರುವ ಕಿಂಡಿಯೊಳಗೆ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಮೈ ನುಣುಪಾಗಿದ್ದರೆ ಮುಂದುವರಿಯಿರಿ. ಉದ್ದುದ್ದ ಗೀರುಗಳಿದ್ದರೆ ಟ್ಯೂನಿಂಗ್ ಮಾತು ಅಲ್ಲಿಗೇ ನಿಲ್ಲಿಸಿ. ಪ್ಲಗ್ ಜಾಗದಲ್ಲಿ ಕಂಪ್ರೆಷನ್ ಗೇಜ್ (ಸಿಲಿಂಡರ್‌ನ ಒತ್ತಡ ಅಳೆಯುವ ಸಾಧನ) ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. 150 ಪಿಎಸ್‌ಐ ಸಿಕ್ಕರೆ ಆರೋಗ್ಯ ಚೆನ್ನಾಗಿದೆ. 110ರ ಕೆಳಗಿದ್ದರೆ ರಿಂಗ್ ಬದಲಿಸದೆ ಬೇರೆ ದಾರಿಯಿಲ್ಲ.

ಇನ್ನೊಂದು ಗುಟ್ಟಿನ ಶತ್ರು ಕಳ್ಳಗಾಳಿ. ಪೆಟ್ರೋಲ್ ಪೈಪ್, ಕಾರ್ಬುರೇಟರ್ ಹಿಂದಿನ ರಬ್ಬರ್ ಕೊಳವೆ, ಕ್ರ್ಯಾಂಕ್ ಸೀಲ್ ಇವು ವರ್ಷ ಕಳೆದಂತೆ ಗಟ್ಟಿಯಾಗಿ ಬಿರಿಯುತ್ತವೆ. ಅಲ್ಲಿಂದ ನುಸುಳಿದ ಗಾಳಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ತಗ್ಗಿಸಿ ಅದನ್ನು ತೆಳುವಾಗಿಸುತ್ತದೆ. ಪೆಟ್ರೋಲ್ ಜೊತೆ ಬರಬೇಕಾದ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಕಾಯುತ್ತದೆ. ಕಂಡುಹಿಡಿಯುವುದು ಸುಲಭ. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡುತ್ತಿರುವ ಯಂತ್ರವನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮೂತಿ ಕೆಳಗೆ ಮಾಡಿ ವಾಲಿಸಿ. ಶಬ್ದ ಏರಿಳಿದರೆ ಅನುಮಾನ ಪಡಿ. ಆಕ್ಸಿಲರೇಟರ್ ಬಿಟ್ಟ ಮೇಲೂ ವೇಗ ತಕ್ಷಣ ಇಳಿಯದೆ ತೂಗಾಡುತ್ತಿದ್ದರೆ ಸೋರಿಕೆ ಬಹುತೇಕ ಖಚಿತ. ಅದನ್ನು ಮುಚ್ಚುವ ಮೊದಲು ಸ್ಕ್ರೂ ತಿರುಗಿಸುವುದು ವ್ಯರ್ಥ. ಸೋರಿಕೆ ದಿನದಿನಕ್ಕೂ ಬದಲಾಗುತ್ತದೆ, ನಿಮ್ಮ ಸ್ಕ್ರೂ ನಿಂತಲ್ಲೇ ನಿಂತಿರುತ್ತದೆ.

ಬಂಕಿನ ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಇರುತ್ತದೆ. ಹಳೆಯ ಕಾರ್ಬುರೇಟರ್‌ಗಳ ಡಯಾಫ್ರಂ (ಪೆಟ್ರೋಲ್ ಹರಿವನ್ನು ನಿಯಂತ್ರಿಸುವ ತೆಳು ಪೊರೆ) ಇದಕ್ಕೆಂದು ಮಾಡಿದ್ದಲ್ಲ, ಬೇಗ ಪೆಡಸಾಗುತ್ತದೆ. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಿಂದೆ ಕೂರಿಸಿದ್ದ ಟ್ಯೂನಿಂಗ್‌ನಲ್ಲೇ ಮಿಶ್ರಣ ತೆಳುವಾಗುತ್ತದೆ. ಹಾಗಾಗಿ ಕೆಲವು ವರ್ಷಗಳ ಹಿಂದೆ ಚೆನ್ನಾಗಿದ್ದ ಹೊಂದಾಣಿಕೆ ಇಂದು ಸಾಲದಿರಬಹುದು. ಡಯಾಫ್ರಂ ಕಿಟ್, ಪೆಟ್ರೋಲ್ ಪೈಪ್, ಟ್ಯಾಂಕ್ ಒಳಗಿನ ಫಿಲ್ಟರ್ ಈ ಮೂರನ್ನೂ ಒಮ್ಮೆಗೇ ಬದಲಿಸಿಬಿಡಿ.

ಎಣ್ಣೆಯ ಲೆಕ್ಕ: ಯಂತ್ರ ಕಂಪನಿಯ ಒಳ್ಳೆಯ ಟೂ–ಸ್ಟ್ರೋಕ್ ಎಣ್ಣೆಯಾದರೆ ಲೀಟರ್‌ಗೆ 20 ಮಿ.ಲೀ., ಸಾಮಾನ್ಯ ಎಣ್ಣೆಯಾದರೆ 40 ಮಿ.ಲೀ. ‘ಇನ್ನೊಂದಿಷ್ಟು ಇರಲಿ’ ಎಂದು ಸುರಿದರೆ ಅಷ್ಟು ಪೆಟ್ರೋಲಿನ ಜಾಗವನ್ನು ಎಣ್ಣೆ ತಿಂದು ಮಿಶ್ರಣ ಮತ್ತೆ ತೆಳುವಾಗುತ್ತದೆ.

ಮೂರು ಸ್ಕ್ರೂಗಳು

ಎಲ್ ಎಂದರೆ ಕಡಿಮೆ ವೇಗದ ಮಿಶ್ರಣ, ಎಚ್ ಎಂದರೆ ಹೆಚ್ಚಿನ ವೇಗದ್ದು. ಎಲ್‌ಎ, ಕೆಲವು ಯಂತ್ರಗಳಲ್ಲಿ ಟಿ, ಐಡ್ಲಿಂಗ್ ವೇಗಕ್ಕೆ. ಈಗ ಅವು ಎಷ್ಟು ಸುತ್ತು ತೆರೆದಿವೆ ಎಂದು ಮೊದಲು ಬರೆದುಕೊಳ್ಳಿ. ಆಮೇಲೆ ಎಲ್ ಮತ್ತು ಎಚ್‌ಗಳನ್ನು ಬೆರಳ ತುದಿಯ ಬಲದಲ್ಲಿ ಮುಚ್ಚಿ, ತಲಾ ಒಂದು ಸುತ್ತು ತೆರೆಯಿರಿ. ಹೆಚ್ಚಿನ ಹಳೆಯ ಯಂತ್ರಗಳಿಗೆ ಇದೇ ಆರಂಭದ ಜಾಗ. ಬಿಗಿಯಾಗಿ ಮುಚ್ಚಿದರೆ ಸೂಜಿಯ ತುದಿ ಕೂತುಹೋಗಿ ಮುಂದೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ.

ಏರ್ ಫಿಲ್ಟರ್ ತೊಳೆದು ಒಣಗಿಸಿ ಹಾಕಿ, ಮಸೆದ ಸರಪಳಿ ಕಟ್ಟಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ. ಮೊದಲು ಎಲ್: ಅತ್ತಿತ್ತ ತಿರುಗಿಸುತ್ತ ಐಡ್ಲಿಂಗ್ ಅತಿ ಚುರುಕಾಗುವ ಜಾಗ ಹುಡುಕಿ, ಅಲ್ಲಿಂದ ಸುತ್ತಿನ ಎಂಟನೇ ಒಂದು ಭಾಗ ತೆರೆಯಿರಿ. ಆಕ್ಸಿಲರೇಟರ್ ಒತ್ತಿದಾಗ ತಡವರಿಸಿದರೆ ಇನ್ನು ತುಸು ತೆರೆಯಬೇಕು. ಆಮೇಲೆ ಎಲ್‌ಎ ತಿರುಗಿಸಿ, ಎಂಜಿನ್ ಆರದೆ ಆದರೆ ಸರಪಳಿ ಅಲುಗದೆ ನಿಲ್ಲುವಂತೆ ಮಾಡಿ.

ಎಚ್ ಸ್ಕ್ರೂನಲ್ಲಿ ಕಿವಿಗೇ ಕೆಲಸ. ಪೂರ್ತಿ ಆಕ್ಸಿಲರೇಟರ್ ಕೊಟ್ಟು ಎರಡು ಮೂರು ಸೆಕೆಂಡು ಮಾತ್ರ ಹಿಡಿಯಿರಿ. ಮಿಶ್ರಣ ದಪ್ಪವಿದ್ದರೆ ಶಬ್ದ ಒಡೆದು ಬುರಬುರ ಎನ್ನುತ್ತದೆ. ತೆಳುವಿದ್ದರೆ ತಂತಿ ಬಿಗಿದಂಥ ಒಂದೇ ಸ್ವರದ ಕೀರಲು ಕೂಗು. ಕೇಳಲು ಶಕ್ತಿಯೆನಿಸುವುದು ಆ ಕೂಗೇ, ಯಂತ್ರಗಳನ್ನು ಕೊಲ್ಲುವುದೂ ಅದೇ. ಬೇಕಾದ ಜಾಗ ನಡುವೆ ಇದೆ: ಗಾಳಿಯಲ್ಲಿ ಪೂರ್ತಿ ಓಡಿಸಿದಾಗ ಬುರಬುರ ಇರಬೇಕು, ಮರಕ್ಕೆ ಇಟ್ಟು ಭಾರ ಬಿದ್ದೊಡನೆ ಅದು ಕರಗಿ ಸ್ವರ ಶುದ್ಧವಾಗಬೇಕು, ಎತ್ತಿದೊಡನೆ ಬುರಬುರ ಮತ್ತೆ ಬರಬೇಕು. ಒಂದು ದಿಮ್ಮಿ ಪಕ್ಕದಲ್ಲಿಟ್ಟುಕೊಂಡು ಎಂಟನೇ ಒಂದು ಸುತ್ತಿನಷ್ಟೇ ಬದಲಿಸುತ್ತ ಹೋಗಿ. ಕೊಯ್ಯುವಾಗಲೂ ಬುರಬುರ ನಿಲ್ಲದಿದ್ದರೆ ಸ್ವಲ್ಪ ಮುಚ್ಚಿ. ಎತ್ತಿದಾಗಲೂ ಕೂಗುತ್ತಲೇ ಇದ್ದರೆ ತಕ್ಷಣ ತೆರೆಯಿರಿ. ವೇಗ ಅಳೆಯುವ ಟ್ಯಾಕೋಮೀಟರ್ ಇದ್ದರೆ ಕೈಪಿಡಿಯಲ್ಲಿ ಕೊಟ್ಟಿರುವ ಗರಿಷ್ಠ ವೇಗ ದಾಟಿಲ್ಲವೆಂದು ನೋಡಿಕೊಳ್ಳಿ.

ಘಟ್ಟದ ಜನರಿಗೊಂದು ಎಚ್ಚರಿಕೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಕರಾವಳಿಯದ್ದಕ್ಕಿಂತ ಶೇ 10ರಷ್ಟು ವಿರಳ. ಅಲ್ಲಿ ಟ್ಯೂನ್ ಮಾಡಿದ ಗರಗಸವನ್ನು ಸಂಪಾಜೆ ಘಾಟಿ ಇಳಿಸಿ ಸುಳ್ಯದ ರಬ್ಬರ್ ಮರ ಕೊಯ್ಯಲು ಒಯ್ದರೆ, ಅದೇ ಸ್ಕ್ರೂನಲ್ಲಿ ಹೆಚ್ಚು ಗಾಳಿ ಒಳಹೋಗಿ ಮಿಶ್ರಣ ತೆಳುವಾಗುತ್ತದೆ. ಘಟ್ಟ ಹತ್ತುವಾಗ ಯಂತ್ರ ಮಂಕಾಗುತ್ತದೆ, ಅಷ್ಟೆ. ಇಳಿಯುವಾಗ ಸೀಜ್ ಆಗಬಹುದು.

ಸೈಲೆನ್ಸರ್

ಇಷ್ಟೆಲ್ಲ ಆದ ಮೇಲೂ ಇನ್ನಷ್ಟು ಬೇಕೆನಿಸಿದರೆ ಹೊಗೆಯ ದಾರಿ ಅಗಲಿಸಬಹುದು. ಎಚ್ ಸ್ಕ್ರೂ ಇಲ್ಲದ ಕಾರ್ಬುರೇಟರ್ ಆದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಹೆಚ್ಚಿದ ಗಾಳಿಗೆ ತಕ್ಕ ಪೆಟ್ರೋಲ್ ಕೊಡಲು ದಾರಿಯಿರುವುದಿಲ್ಲ. ಸೈಲೆನ್ಸರ್ ಬಿಚ್ಚಿ ಬೆಂಚಿನ ಮೇಲಿಟ್ಟೇ ಕೊರೆಯಬೇಕು, ಒಳಗಿನ ಚೂರುಗಳನ್ನು ತೊಳೆದು ಊದಿ ತೆಗೆಯಬೇಕು. ಒಂದು ಕಣ ಸಿಲಿಂಡರ್‌ಗೆ ಬಿದ್ದರೂ ಕೆಲಸ ಕೆಟ್ಟಿತು. ಹೊರದಾರಿಯ ಒಟ್ಟು ವಿಸ್ತೀರ್ಣ ಸಿಲಿಂಡರ್‌ನ ಹೊಗೆಕಿಂಡಿಯ ವಿಸ್ತೀರ್ಣದ ಮುಕ್ಕಾಲು ಭಾಗ ಮೀರದಿರಲಿ. ಹೊಸ ತೂತು ಕೈಯತ್ತ, ಟ್ಯಾಂಕಿನತ್ತ ಮುಖ ಮಾಡಬಾರದು. ಕಿಡಿ ತಡೆಯುವ ಜಾಲರಿಯನ್ನು ಕಿತ್ತೆಸೆಯುವವರಿದ್ದಾರೆ. ಬೇಸಿಗೆಯಲ್ಲಿ ತರಗೆಲೆ ಹಾಸಿದ ತೋಟದಲ್ಲಿ ಅದಕ್ಕಿಂತ ಹುಚ್ಚು ಕೆಲಸವಿಲ್ಲ. ಮತ್ತೆ ಜೋಡಿಸಿದ ಮೇಲೆ ಎಚ್ ಅನ್ನು ಕಾಲು ಸುತ್ತು ತೆರೆದೇ ಸ್ಟಾರ್ಟ್ ಮಾಡಿ, ಕಿವಿಯ ಪರೀಕ್ಷೆ ಮೊದಲಿಂದ ಮಾಡಿ. ಶಬ್ದ ಹೆಚ್ಚುತ್ತದೆ, ಕಿವಿಗವಸು ಇಲ್ಲದೆ ಹಿಡಿಯಬೇಡಿ.

ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ ತೆಗೆದು ಕಂಪ್ರೆಷನ್ ಏರಿಸುವುದು, ಫ್ಲೈವೀಲ್ ಕೀ ಅರೆದು ಕಿಡಿ ಮುಂಚೆಯೇ ಹತ್ತುವಂತೆ ಮಾಡುವುದು, ಕಿಂಡಿಗಳನ್ನು ಕೊರೆದು ಅಗಲಿಸುವುದು ಇವೆಲ್ಲ ಲೇತ್ ಮತ್ತು ಅಳತೆಯ ಸಲಕರಣೆ ಇರುವವರಿಗೆ ಬಿಡಿ. ತೋಟದ ಕೆಲಸಕ್ಕೆ ಇದರ ಅಗತ್ಯವೂ ನನಗೆ ಕಂಡಿಲ್ಲ.

ಚುರುಕಾದ ಗರಗಸ ಒದೆಯುವುದೂ ಜೋರಾಗಿಯೇ. ಮರಕ್ಕೆ ಇಡುವ ಮೊದಲು ಚೈನ್ ಬ್ರೇಕ್ ಹಾಕಿ ಸರಪಳಿ ತಕ್ಷಣ ನಿಲ್ಲುತ್ತದೆಯೇ ಪರೀಕ್ಷಿಸಿ. ನಾಟಾ ಡಿಪೊಗಳಲ್ಲಿ ಇನ್ನೂ ಓಡುತ್ತಿರುವ 106 ಸಿಸಿಯ ಸ್ಟಿಲ್ 070 ರೀತಿಯ, ಬ್ರೇಕೇ ಇಲ್ಲದ ಯಂತ್ರಗಳಿಗೆ ಇನ್ನಷ್ಟು ಶಕ್ತಿ ತುಂಬುವ ಗೋಜಿಗೆ ಹೋಗಬೇಡಿ.

ಒಂದು ಟ್ಯಾಂಕ್ ಪೆಟ್ರೋಲ್ ಮುಗಿಸಿ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ. ಬೆಳ್ಳಗಾಗಿದ್ದರೆ ಎಚ್ ತೆರೆಯಿರಿ, ಕಪ್ಪಗೆ ಒದ್ದೆಯಾಗಿದ್ದರೆ ಮುಚ್ಚಿ. ಗ್ಯಾಪ್ 0.5 ಮಿ.ಮೀ. ಇರಲಿ. ಮರಗಸಿ ಮುಗಿದು ಮಳೆ ಹಿಡಿದಾಗ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಐಡ್ಲಿಂಗ್‌ನಲ್ಲಿ ಓಡಿಸಿ ಎತ್ತಿಡಿ. ನಾಲ್ಕು ತಿಂಗಳು ಕಾರ್ಬುರೇಟರ್‌ನಲ್ಲಿ ಕೂತ ಎಥೆನಾಲ್ ಪೆಟ್ರೋಲ್ ತೇವ ಹೀರಿಕೊಂಡು, ನೀವು ಹೊಸದಾಗಿ ಹಾಕಿದ ಡಯಾಫ್ರಂ ಅನ್ನೂ ಹಾಳು ಮಾಡುತ್ತದೆ.